ಹೆಡ್ ಗ್ಯಾಸ್ಕೆಟ್ ಹೋಗಿದೆ, ನಾನೇ ಬಿಚ್ಚಲಾ?

ನಮ್ಮ ಆಲ್ಟೊದ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ಗೂ ನಡುವಿನ ತೆಳ್ಳನೆ ಸೀಲು) ಹೋಗಿದೆ ಅಂತ ಖಾತ್ರಿಯಾದ ದಿನ ಮನೆಯಲ್ಲಿ ಮೂರು ಪಕ್ಷ ಆಯಿತು. ಅಪ್ಪನದು ಮಾರಾಟದ ಪಕ್ಷ. "ತಮಾ, ಅದ್ನ ಮಾರಿ ಕೈ ತೊಳ್ಕ" ಅಂತ ಒಂದೇ ಮಾತು, ಮತ್ತೆ ಪೇಪರ್ ಓದುವುದಕ್ಕೆ ಕೂತರು. ಹೆಂಡತಿಯದು ಗ್ಯಾರೇಜ್ ಪಕ್ಷ. ದುಡ್ಡು ಹೋದರೆ ಹೋಗಲಿ, ಅಂಗಳದಲ್ಲಿ ಎಣ್ಣೆ ಚೆಲ್ಲಬಾರದು ಅನ್ನುವುದು ಅದರ ಮುಖ್ಯ ಬೇಡಿಕೆ. ಮೂರನೆಯದು ನನ್ನದು. ಅಟ್ಟದ ಮೇಲಿನ ಪಾನಾ ಪೆಟ್ಟಿಗೆ ಇಳಿಸಿ ನಾನೇ ಬಿಚ್ಚುತ್ತೇನೆ ಅನ್ನುವ ಪಕ್ಷ. ಸದಸ್ಯ ನಾನೊಬ್ಬನೇ.

ಮಾರುವ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಗಾಡಿ 2010ರದ್ದು. 796 ಸಿಸಿ, ಮೂರು ಸಿಲಿಂಡರ್. ಕಾರವಾರದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗಲೂ ಕೆಎ 30 ನಂಬರೇ. 15 ವರ್ಷ ತುಂಬಿದ್ದಕ್ಕೆ ಫಿಟ್‌ನೆಸ್ ತೋರಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿ ರಿನ್ಯೂ ಮಾಡಿಸಿ ಆಗಿದೆ. ಇನ್ನು 5 ವರ್ಷ ಆ ಕಡೆಯ ಚಿಂತೆ ಇಲ್ಲ. ಎಂಜಿನ್ ಸರಿ ಇದ್ದರೆ ಒಂದು ಲಕ್ಷದ ಆಸುಪಾಸು ಬರುವ ಗಾಡಿಯನ್ನು ಹೆಡ್ ಗ್ಯಾಸ್ಕೆಟ್ ಹೋದ ಸ್ಥಿತಿಯಲ್ಲಿ ಮಾರಿದರೆ ಗುಜರಿಯವರಷ್ಟೇ ಖುಷಿಪಡುತ್ತಾರೆ. ಆದ್ದರಿಂದ ಅಪ್ಪನ ಪಕ್ಷಕ್ಕೆ ಠೇವಣಿ ಹೋಯಿತು.

ಇನ್ನು ಉಳಿದದ್ದು ನಾನು, ಇಲ್ಲಾ ಗ್ಯಾರೇಜು.

ಸಮಸ್ಯೆ ಕಾಣಿಸಿಕೊಂಡಿದ್ದು ಕುಮಟಾದಿಂದ ಶಿರಸಿ ಕಡೆಗೆ ಬರುವಾಗ, ದೇವಿಮನೆ ಘಟ್ಟದಲ್ಲಿ. ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕತಗಾಲ ದಾಟಿದ ಮೇಲೆ ಶುರುವಾಗುವ ಚಡಾವಿನಲ್ಲಿ ಆ ಎತ್ತರದ ದೊಡ್ಡ ಪಾಲನ್ನು ಗಾಡಿ ಒಂದೇ ಉಸಿರಿಗೆ ಹತ್ತಬೇಕು. ಫಸ್ಟ್, ಸೆಕೆಂಡ್ ಗೇರು. ಮುಂದೆ ಲಾರಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಗಾಡಿ ನಿಧಾನ ಹೋಗುವುದರಿಂದ ರೇಡಿಯೇಟರಿಗೆ ಗಾಳಿ ಬಡಿಯುವುದಿಲ್ಲ. ಎಲ್ಲ ಭಾರ ಫ್ಯಾನಿನ ಮೇಲೆ. ಹೈವೇಯಲ್ಲಿ ಅಂಕೋಲಾದಿಂದ ಹೊನ್ನಾವರದವರೆಗೆ ಏನೂ ಗೊತ್ತಾಗದ ಕಾಯಿಲೆ ಘಟ್ಟದಲ್ಲಿ ಹೊರಗೆ ಬರುವುದು ಇದಕ್ಕೇ. ಟೆಂಪರೇಚರ್ ಮುಳ್ಳು ಅರ್ಧ ದಾಟಿದ ಕೂಡಲೇ ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಬಂದ ಜೀಪಿನವರೊಬ್ಬರು ಕ್ಯಾನಿನಲ್ಲಿ ಹೊಳೆ ನೀರು ಹಿಡಿದು ಬಂದು ರೇಡಿಯೇಟರ್ ಮುಚ್ಚಳ ತೆಗೀರಿ ಅಂದರು. ಒಳ್ಳೆ ಜನ, ಆದರೆ ಆ ಕೆಲಸ ಮಾತ್ರ ಬೇಡ. ಬಿಸಿ ಇದ್ದಾಗ ಒಳಗೆ ಒತ್ತಡ ಇರುತ್ತದೆ, ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಬರುತ್ತದೆ. ಕಾದ ಅಲ್ಯೂಮಿನಿಯಂ ಹೆಡ್‌ಗೆ ತಣ್ಣೀರು ಬಿದ್ದರೆ ಸೀಳಿದರೂ ಸೀಳಿತು.

ಆಮೇಲೆ ಗಮನಿಸಿದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿ ಇಲ್ಲ. ಹಾಗಾದರೆ ಅದು ಒಳಗೇ ಎಲ್ಲಿಗೋ ಹೋಗುತ್ತಿದೆ ಅಲ್ವಾ?

ಗ್ಯಾರೇಜಿಗೆ ಕೊಡಿ ಅಥವಾ ನೀವೇ ಮಾಡಿ, ಏನು ಕೆಟ್ಟಿದೆ ಅಂತ ಕಂಡುಹಿಡಿಯುವ ಕೆಲಸ ಮಾತ್ರ ನೀವೇ ಮಾಡಬಹುದು, ಮಾಡಲೂ ಬೇಕು ಅಂತ ನನ್ನ ಅಭಿಪ್ರಾಯ. ಇದರಲ್ಲಿ ಎಂಜಿನ್ ಬಿಚ್ಚುವುದು ಇಲ್ಲ. ಹಾಳಾಗುವುದೂ ಏನಿಲ್ಲ.

ಎಲ್ಲರೂ ಮೊದಲು ನೋಡುವುದು ಆಯಿಲ್ ಹಾಕುವ ಮುಚ್ಚಳ. ಒಳಗೆ ಹಾಲಿನ ಕೆನೆ ತರ ಬಿಳಿ ಅಂಟಿದ್ದರೆ "ಹೆಡ್ ಗ್ಯಾಸ್ಕೆಟ್ ಹೋಯ್ತು" ಅಂತ ಷರಾ ಬರೆದುಬಿಡುತ್ತಾರೆ. ನಮ್ಮ ಕಡೆ ಅದನ್ನೊಂದೇ ನಂಬಬೇಡಿ. ಜುಲೈನಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಸಣ್ಣ ಓಡಾಟ ಮಾಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಮುಚ್ಚಳದ ಕೆಳಗೆ ಕೂತು ಆಯಿಲ್ ಜೊತೆ ಸೇರಿ ಅದೇ ಕೆನೆ ಆಗುತ್ತದೆ. ಶಿರಸಿ, ಸಿದ್ದಾಪುರದಲ್ಲಿ ಮಳೆಗಾಲಕ್ಕೆ ಅರ್ಧ ಊರಿನ ಗಾಡಿಗಳ ಮುಚ್ಚಳ ಹಾಗೇ ಇರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ನೋಡಬೇಕು. ಅಲ್ಲೂ ಬಿಳಿಚಿಕೊಂಡಿದ್ದರೆ, ಆಯಿಲ್ ಮಟ್ಟ ತಾನಾಗಿ ಮೇಲೆ ಬಂದಿದ್ದರೆ, ಆಗ ಚಿಂತೆ ಮಾಡಿ. ಹಾಗಿದ್ದರೆ ಗಾಡಿ ಸ್ಟಾರ್ಟೂ ಮಾಡಬೇಡಿ. ಕೂಲೆಂಟ್ ಬೆರೆತ ಆಯಿಲ್ ಬೇರಿಂಗುಗಳನ್ನು ತಿಂದುಬಿಟ್ಟರೆ ಹೆಡ್ ಕೆಲಸ ಹೋಗಿ ಇಡೀ ಎಂಜಿನ್ ಕೆಲಸ ಆಗುತ್ತದೆ.

ನನ್ನದರಲ್ಲಿ ಡಿಪ್‌ಸ್ಟಿಕ್ ಚೆನ್ನಾಗೇ ಇತ್ತು. ಆದರೆ ಬೆಳಿಗ್ಗೆ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಅದರ ಬಾಯಲ್ಲಿ ಗುಳುಗುಳು ಅಂತ ಗುಳ್ಳೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಬಿಸಿ ಆಗುವ ಮೊದಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ. ಸಿಲಿಂಡರಿನ ಒತ್ತಡ ಕೂಲೆಂಟ್ ದಾರಿಗೆ ನುಗ್ಗುತ್ತಿದೆ ಅಂತಲೇ ಅರ್ಥ.

ಆಮೇಲೆ ಕಂಪ್ರೆಶನ್ ಗೇಜ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರು. ಆನ್‌ಲೈನಿನಲ್ಲಿ ಸಾವಿರ ಚಿಲ್ಲರೆಗೆ ಸಿಗುತ್ತದೆ. ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್‌ನ ಕನೆಕ್ಟರ್ ತೆಗೆದು, ಪ್ಲಗ್ಗಿನ ತೂತಿಗೆ ಗೇಜ್ ತಿರುಗಿಸಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಬೇಕು. ಹೆಂಡತಿ ಸೆಲ್ಫ್ ಹೊಡೆದಳು, ನಾನು ಮುಳ್ಳು ನೋಡಿದೆ. ಒಂದನೇ ಸಿಲಿಂಡರಿನಲ್ಲಿ 170 ಪಿಎಸ್‌ಐ ಹತ್ತಿರ ಹೋಗಿ ನಿಂತಿತು. ಎರಡರಲ್ಲಿ 100 ಕೂಡ ಮುಟ್ಟಲಿಲ್ಲ. ಮೂರರಲ್ಲೂ ಅಷ್ಟೇ. ಕಡಿಮೆ ಬಂದಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಮೇಲೆ ಹೋದರೆ ಪಿಸ್ಟನ್ ರಿಂಗ್ ಸವೆದಿದೆ, ಹೋಗದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ. ನನ್ನದು ಏರಲಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೇ ಬಿದ್ದಿವೆ, ಎಣ್ಣೆಗೂ ಜಗ್ಗುತ್ತಿಲ್ಲ ಅಂದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಅಂತ ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ಎರಡನೇ ಸಿಲಿಂಡರಿನ ಪ್ಲಗ್ ಉಳಿದೆರಡರ ಹಾಗೆ ಕಂದು ಬಣ್ಣ ಇರಲಿಲ್ಲ, ಹಬೆಯಲ್ಲಿ ತೊಳೆದು ಒರೆಸಿಟ್ಟ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಕೂಲೆಂಟ್ ಹೋಗುತ್ತಿದ್ದದ್ದು ಎಲ್ಲಿಗೆ ಅಂತ ಅದೇ ಹೇಳಿತು.

ಇಷ್ಟು ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ. "ಗಾಡಿ ಬಿಸಿ ಆಗ್ತದೆ, ನೋಡಿ" ಅನ್ನುವುದಕ್ಕೂ "ಎರಡು, ಮೂರರ ನಡುವೆ ಗ್ಯಾಸ್ಕೆಟ್ ಹೋಗಿದೆ, ರಿಂಗ್ ಚೆನ್ನಾಗಿದೆ" ಅನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ನಮ್ಮ ಮೆಕ್ಯಾನಿಕ್ ಒಟ್ಟು 15ರಿಂದ 18 ಸಾವಿರ ಅಂದರು. ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್, ಆಯಿಲ್, ಫಿಲ್ಟರ್, ಕೂಲೆಂಟ್, ಹುಬ್ಬಳ್ಳಿಗೆ ಹೆಡ್ ಕಳಿಸಿ ಫೇಸಿಂಗ್ (ಹೆಡ್ಡಿನ ತಳವನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸುವುದು), ಮಜೂರಿ ಎಲ್ಲ ಸೇರಿ. ನಾನೇ ಮಾಡಿದರೆ ಉಳಿಯುವುದು ಮಜೂರಿ ಮಾತ್ರ, ಹೆಚ್ಚೆಂದರೆ ಐದಾರು ಸಾವಿರ. ಫೇಸಿಂಗ್ ದುಡ್ಡು ಹೇಗೂ ಕೊಡಲೇಬೇಕು, ಆ ಯಂತ್ರ ನನ್ನ ಕೊಟ್ಟಿಗೆಯಲ್ಲಿಲ್ಲ. ಅದರ ಮೇಲೆ ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಹೆಡ್ ಬಾಗಿದೆಯಾ ಅಂತ ನೋಡಲು ನೇರವಾದ ಸ್ಟೀಲ್ ಪಟ್ಟಿ, ಇದೆಲ್ಲ ತಗೊಂಡರೆ ಉಳಿದದ್ದೂ ಹೋಯಿತು. ಹಣ ಉಳಿಸುವುದಕ್ಕೆ ಎಂಜಿನ್ ಬಿಚ್ಚುತ್ತೇನೆ ಅನ್ನುವವರು ಒಮ್ಮೆ ಪೆನ್ನು ಹಿಡಿದು ಕೂರಬೇಕು. ಮೊದಲ ಸಲಕ್ಕಂತೂ ಲೆಕ್ಕ ಹೊಂದುವುದಿಲ್ಲ. ಬಿಚ್ಚುವ ಆಸೆಗೆ ಬಿಚ್ಚುತ್ತೇನೆ ಅನ್ನಿ, ಅದು ಬೇರೆ. ನನಗೂ ಇದ್ದದ್ದು ಆಸೆಯೇ, ಲೆಕ್ಕ ಆಮೇಲೆ ಹುಟ್ಟಿದ್ದು.

ಕೈ ಕೆಲಸ ಬರುತ್ತದೆಯಾ ಅನ್ನುವುದಕ್ಕೆ ಬರೋಣ. ಪಂಪ್‌ಸೆಟ್ ಬಿಚ್ಚಿ ಕೂರಿಸಿ ಅಭ್ಯಾಸ ಇದೆ, ಸ್ಪ್ರೇಯರ್ ಎಂಜಿನ್ನಿನ ಒಳಗೂ ಕೈ ಹಾಕಿದ್ದೇನೆ. ಅಡಿಕೆ ತೋಟ ಇರುವ ಮನೆಯಲ್ಲಿ ಇದೇನು ದೊಡ್ಡ ವಿದ್ಯೆಯಲ್ಲ, ಮದ್ದು ಹೊಡೆಯುವ ದಿನ ಮೆಕ್ಯಾನಿಕ್‌ಗೆ ಕಾಯುತ್ತ ಕೂತರೆ ಕೊಳೆರೋಗ ಕಾಯುವುದಿಲ್ಲ. ಆದರೆ ಕಾರಿನ ಹೆಡ್ ಕೆಲಸ ಬೋಲ್ಟ್ ಬಿಚ್ಚುವುದರಲ್ಲಿ ಇಲ್ಲ. ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಬೇಕು, ಕೂರಿಸುವಾಗ ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ಬಿಗಿಯಬೇಕು. ಹೆಡ್ ಮಟ್ಟ 0.05 ಮಿ.ಮೀ. ತಪ್ಪಿದರೂ ಸಾಮಾನ್ಯವಾಗಿ ಫೇಸಿಂಗ್ ಬೇಕು, ಅಂದರೆ ತೆಳ್ಳನೆ ಕಾಗದದ ಒಂದು ಹಾಳೆಯಷ್ಟು. ಕಣ್ಣಿಗೆ ಕಾಣುವ ಮಾತೇ ಅಲ್ಲ. ಹಳೆ ಗ್ಯಾಸ್ಕೆಟ್ ಅಂಟಿದ್ದನ್ನು ತೆಗೆಯಲು ಗ್ರೈಂಡರಿಗೆ ಮರಳು ಕಾಗದದ ಚಕ್ರ ಹಾಕಿ ಉಜ್ಜುವವರಿದ್ದಾರೆ. ಆ ಪುಡಿ ಆಯಿಲ್ ದಾರಿಗೆ ಬಿದ್ದರೆ ಬೇರಿಂಗ್ ಕಥೆ ಮುಗಿಯಿತು. ಬೋಲ್ಟಿನ ತೂತಿನ ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ಜಾಗ ಇರುವುದಿಲ್ಲ. ರೆಂಚ್ ಸರಿಯಾದ ಅಂಕಿ ತೋರಿಸುತ್ತದೆ, ಬೋಲ್ಟ್ ಮಾತ್ರ ಬಿಗಿಯಾಗಿರುವುದಿಲ್ಲ, ಜೋರು ಮಾಡಿದರೆ ಬ್ಲಾಕೇ ಸೀಳಬಹುದು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಆಚೀಚೆ ಕೂತರೂ ಗಾಡಿ ಸರಿ ಓಡುವುದಿಲ್ಲ. ಇದೆಲ್ಲ ಓದಿ ಕಲಿಯಬಹುದು, ಯಾವುದೂ ಮಂತ್ರವಲ್ಲ. ತಾಳ್ಮೆ ಬೇಕು ಅಷ್ಟೆ.

ಹಾಗಾಗಿ ನನಗೆ ಸಿಕ್ಕಿಕೊಂಡದ್ದು ಹಣವೂ ಅಲ್ಲ, ಕೈಯೂ ಅಲ್ಲ. ಮೆಕ್ಯಾನಿಕ್ ಬಳಿ "ನಾನೇ ಮನೇಲಿ ಬಿಚ್ಚಿದ್ರೆ ಹೇಗೆ?" ಅಂತ ಕೇಳಿದೆ. ಅವರು ನಗಲಿಲ್ಲ. "ಬಿಚ್ಚಿ ಮಾರಾಯ್ರೆ, ಯಾರು ಬೇಡ ಅಂದ್ರು? ಅರ್ಧದಲ್ಲಿ ಬಿಟ್ಟು ನನ್ನ ಕರೀಬೇಡಿ ಅಷ್ಟೇ" ಅಂದರು. ಇದು ಸೊಕ್ಕಿನ ಮಾತಲ್ಲ. ಬೇರೆಯವರು ಬಿಚ್ಚಿಟ್ಟ ಎಂಜಿನ್ ಯಾವ ಮೆಕ್ಯಾನಿಕ್‌ಗೂ ತಲೆನೋವು. ಯಾವ ಬೋಲ್ಟ್ ಎಲ್ಲಿಯದು, ಯಾವ ತೂತಿನ ದಾರ (ಥ್ರೆಡ್) ಮೊದಲೇ ಹೋಗಿತ್ತು, ಯಾವ ವಯರ್ ಎಳೆದಾಡಿದ್ದಾರೆ, ಏನೂ ಗೊತ್ತಿರುವುದಿಲ್ಲ. ಆಮೇಲೆ ಏನು ಕೆಟ್ಟರೂ ಹೆಸರು ಮಾತ್ರ ಕೊನೆಗೆ ಮುಟ್ಟಿದವರದ್ದು.

ಆ ಮಾತು ತಲೆಯಲ್ಲಿ ಕೂತಿತು. ಮನೆಗೆ ಬಂದು ನಮ್ಮ ರಸ್ತೆ ನೋಡಿದೆ. ನಮ್ಮದು ತೋಟದ ಬುಡದಲ್ಲಿರುವ ಮನೆ. ಡಾಂಬರು ರಸ್ತೆಯಿಂದ ಇಳಿದು ಬರುವುದು ಮಣ್ಣಿನ ದಾರಿ, ಒಂದು ಕಡೆ ಧರೆ, ಒಂದು ಕಡೆ ಕಾಲುವೆ, ನಡುವೆ ಒಂದು ತಿರುವು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ತನಕ ಜೀಪು ಬಿಟ್ಟು ಬೇರೆಯವು ಹತ್ತಿದರೆ ಪುಣ್ಯ. ಆಗ ಮೇ ತಿಂಗಳು. ನಾನು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಹೆಡ್ ಇಳಿಸಿ, ಹುಬ್ಬಳ್ಳಿಗೆ ಕಳಿಸಿ, ಅದು ಬರುವುದು ತಡವಾಗಿ, ಅಷ್ಟರಲ್ಲಿ ಮಳೆ ಹಿಡಿದು, ಬ್ಲಾಕಿನ ಒಂದು ಬೋಲ್ಟ್ ತೂತಿನ ದಾರ ಕಿತ್ತುಬಂತು ಅಂದುಕೊಳ್ಳಿ. ದಾರ ಸರಿ ಮಾಡಿಸಲು ಗಾಡಿಯೇ ಪೇಟೆಗೆ ಹೋಗಬೇಕು. ಹೆಡ್ ಇಲ್ಲದ ಗಾಡಿಯನ್ನು ಆ ಕೆಸರಿನಲ್ಲಿ ಎಳೆಯುವುದು ಯಾರು? ನವರಾತ್ರಿ ತನಕ ಬ್ಲಾಕಿನ ಬಾಯಿ ತೆರೆದುಕೊಂಡು ಅಲ್ಲೇ ನಿಂತಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕಪಾಟಿನಲ್ಲಿರುವ ಬಟ್ಟೆಗೇ ಬೂಸಲು ಬರುತ್ತದೆ, ಇನ್ನು ಬೆತ್ತಲೆ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯದೆ ಇರುತ್ತದಾ?

ಆದ್ದರಿಂದ "ನನ್ನಿಂದ ಆಗುತ್ತದಾ?" ಅಂತ ಕೇಳಿಕೊಳ್ಳುವುದನ್ನು ಬಿಟ್ಟೆ. ಪ್ರತಿ ಕೆಲಸಕ್ಕೂ "ನಡುವೆ ಕೈಬಿಟ್ಟರೆ ಏನಾಗುತ್ತದೆ?" ಅಂತ ಕೇಳಿಕೊಂಡು ನೋಡಿದೆ. ಕೆಲಸ ತಾನಾಗಿಯೇ ಎರಡು ಪಾಲಾಯಿತು.

ಹೆಡ್ ಇಳಿಸಿದ ಮೇಲೆ ಹಿಂದೆ ಬರಲು ದಾರಿ ಇಲ್ಲ. ಅದು ಗ್ಯಾರೇಜಿಗೆ. ಮಳೆಗೆ ಮುಂಚೆಯೇ ಪಕ್ಕದ ಮನೆಯವರ ಜೀಪಿಗೆ ಕಟ್ಟಿ ಗಾಡಿಯನ್ನು ಮೇಲೆ ಎಳೆಸಿದೆ. (ಎಂಜಿನ್ ಆಫ್ ಇದ್ದಾಗ ಬ್ರೇಕಿಗೆ ಬೂಸ್ಟರ್ ಸಹಾಯ ಸಿಗುವುದಿಲ್ಲ, ಎರಡು ಕಾಲು ಹಾಕಿ ತುಳಿದರೂ ಪೆಡಲ್ ಕಲ್ಲಿನ ಮೇಲೆ ತುಳಿದ ಹಾಗಿರುತ್ತದೆ. ಚಡಾವಿನಲ್ಲಿ ಎಳೆಸುವವರು ಇದನ್ನು ಮೊದಲೇ ತಿಳಿದಿರಬೇಕು, ಹ್ಯಾಂಡ್ ಬ್ರೇಕ್ ಮೇಲೆ ಒಂದು ಕೈ ಇಟ್ಟೇ ಕೂರಬೇಕು.)

ರೇಡಿಯೇಟರು, ಫ್ಯಾನು, ಥರ್ಮೋಸ್ಟಾಟು (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವು), ಹೋಸುಗಳು ನನ್ನ ಪಾಲಿಗೆ. ಇವು ಒಂದೊಂದೂ ಸಂಜೆಯ ಕೆಲಸ. ಆಗದಿದ್ದರೆ ಹಾಗೇ ಹಿಂದೆ ಕೂರಿಸಿದರಾಯಿತು. ಗ್ಯಾರೇಜಿನ ಅಂಗಳದಲ್ಲೇ ಒಂದು ಮೂಲೆ ಕೊಟ್ಟರು. ನಿಜ ಹೇಳಬೇಕೆಂದರೆ ಮುಖ್ಯ ಕೆಲಸ ಇದೇ. ಗ್ಯಾಸ್ಕೆಟ್ ಸುಮ್ನೆ ಸುಟ್ಟುಹೋಗುವುದಿಲ್ಲ, ಯಾವುದೋ ಒಂದು ಕಾರಣಕ್ಕೆ ಎಂಜಿನ್ ಕಾದಿರುತ್ತದೆ. ಆ ಕಾರಣ ಹುಡುಕದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಂದಿನ ಸಲ ದೇವಿಮನೆಯಲ್ಲಿ ಮತ್ತೆ ಅದೇ ತಿರುವಿನಲ್ಲಿ ನಿಲ್ಲಬೇಕು. ಬಿಡುವಿಲ್ಲದ ಗ್ಯಾರೇಜಿನಲ್ಲಿ ಹೆಡ್ ಕೆಲಸ ಚೊಕ್ಕವಾಗಿ ಆಗುತ್ತದೆ. ಕಾರಣ ಹುಡುಕುತ್ತ ಕೂರುವ ಪುರುಸೊತ್ತು ಅವರಿಗೆ ಎಲ್ಲಿದೆ?

ಕಾರಣ ಸಿಕ್ಕಿದ್ದು ಫ್ಯಾನಿನ ಕನೆಕ್ಟರಿನಲ್ಲಿ. ಬ್ಯಾಟರಿಯಿಂದ ನೇರ ವಯರ್ ಕೊಟ್ಟರೆ ಫ್ಯಾನ್ ಜೋರಾಗಿ ತಿರುಗುತ್ತದೆ, ಗಾಡಿಯ ಕನೆಕ್ಟರ್ ಹಾಕಿದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಕನೆಕ್ಟರ್ ಎಳೆದು ಬಿಸಿಲಿಗೆ ಹಿಡಿದು ನೋಡಿದರೆ ಒಳಗಿನ ಪಿನ್ನುಗಳು ಹಸಿರು ಹಸಿರು. ಒಂದು ಪಿನ್ ಮುಟ್ಟಿದರೆ ಪುಡಿಯಾಗಿ ಉದುರಿತು. ವರ್ಷಾನುಗಟ್ಟಲೆ ಕಾರವಾರದಲ್ಲಿ ಸಮುದ್ರದ ಉಪ್ಪು ಗಾಳಿ ಕುಡಿದ ಗಾಡಿ. ರೇಡಿಯೇಟರಿನ ಸಣ್ಣ ರೆಕ್ಕೆಗಳೂ ಕೆಳಗಡೆ ತಿಂದುಹೋಗಿದ್ದವು. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಬಾಗಿಲಿನ ತುಕ್ಕು ನೋಡುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ.

ಥರ್ಮೋಸ್ಟಾಟ್ ವಿಚಾರಕ್ಕೆ ಮೆಕ್ಯಾನಿಕ್ ಜೊತೆ ಸಣ್ಣ ಜಟಾಪಟಿ ಆಯಿತು. "ನಮ್ಮ ಕಡೆ ಅದೆಂತಕ್ಕೆ, ತೆಗ್ದು ಬಿಸಾಕಿ" ಅಂದರು. ಇಲ್ಲಿ ಸುಮಾರು ಗ್ಯಾರೇಜುಗಳಲ್ಲಿ ಇದೇ ಪದ್ಧತಿ. ನಾನು ಒಪ್ಪಲಿಲ್ಲ. ಅದು ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿಯುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಬೇಡವಾದದ್ದೇ ಅದು. ಹೊಸದು ತಂದು ಹಳೆ ಡಬ್ಬಿಯಲ್ಲಿ ನೀರು ಕಾಯಿಸಿ ಅದರೊಳಗೆ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ನೋಡಿದೆ. ಅದರ ಮೇಲೆ 82 ಅಂತ ಒತ್ತಿದ್ದರು, ಆ ಬಿಸಿಯ ಹತ್ತಿರ ಬಂದಾಗ ಬಾಯಿ ನಿಧಾನ ತೆರೆಯಿತು. ಮೆಕ್ಯಾನಿಕ್ ಬಂದು ಒಮ್ಮೆ ಬಗ್ಗಿ ನೋಡಿದರು. ಏನೂ ಹೇಳಲಿಲ್ಲ, ಆದರೆ ಕೂರಿಸಲು ಬಿಟ್ಟರು.

ಹಳೆ ಕೂಲೆಂಟ್ ಬಗ್ಗೆ ಒಂದು ಮಾತು. ಅದನ್ನು ಅಂಗಳದಲ್ಲಿ ಚೆಲ್ಲಬೇಡಿ, ಬೋಗುಣಿಯಲ್ಲಿ ತೆರೆದೂ ಇಡಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ ನೆಕ್ಕುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ದನ ಕರು ಇರುವ ಮನೆಯವರಿಗಂತೂ ಹೇಳಲೇಬೇಕಾದ ಮಾತು. ಹಾಗಂತ ಬಾವಿ ನೀರು ಹಾಕಿ ಓಡಿಸುವುದೂ ಬೇಡ, ಒಳಗೆ ತುಕ್ಕು ಹಿಡಿಯುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಹೆಡ್ ಹುಬ್ಬಳ್ಳಿಯಿಂದ ಬಂದಿದೆ. ಬಾಗಿತ್ತಂತೆ, ಫೇಸಿಂಗ್ ಆಗಿದೆ. ಬೋಲ್ಟ್ ಬಿಗಿಯುವ ದಿನ ನಾನು ಅಲ್ಲಿರಬೇಕು, ಕೊನೆಯ ಹಂತ ನನ್ನ ಕೈಯಿಂದಲೇ ಆಗಬೇಕು ಅಂತ ಮೊದಲೇ ಕೇಳಿಕೊಂಡಿದ್ದೆ. ಮೆಕ್ಯಾನಿಕ್ ಒಪ್ಪಿದ್ದರು, ಟಾರ್ಕ್ ರೆಂಚ್ ನಾನೇ ತರಬೇಕು ಅನ್ನುವ ಷರತ್ತಿನ ಮೇಲೆ. ಅವರು ಇಷ್ಟು ವರ್ಷ ಕೈ ಅಂದಾಜಿನ ಮೇಲೇ ಬಿಗಿಯುತ್ತ ಬಂದವರು. ತರಿಸಿಕೊಟ್ಟೆ. ಒಮ್ಮೆ ಹಿಡಿದು ಕಟಕ್ ಅನ್ನಿಸಿ ನೋಡಿದರು, ಇಷ್ಟವಾಯಿತು. ಈಗ ಅದು ಯಾರದ್ದೋ ಓಮ್ನಿಯ ಕೆಲಸದಲ್ಲಿದೆ, ಅದಾದ ಮೇಲೆ ಒಂದು ಬೊಲೆರೊ ಕಾದಿದೆಯಂತೆ. ನನ್ನ ಆಲ್ಟೊದ ಪಾಳಿ ಬುಧವಾರ.